ಮಲಗಿ ನೋಡಿದ ಗಾಡಿ

ದೊಡ್ಡವ್ವ ಯಾರ ಮಾತು ಕೇಳುವಾಗಲೂ ಎಡಗಣ್ಣನ್ನು ಅರ್ಧ ಮುಚ್ಚುತ್ತಿದ್ದಳು, ಸೂಜಿಗೆ ದಾರ ಪೋಣಿಸುವವರ ಹಾಗೆ. ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ. ಹಾಲಿನವನು 'ನೀರು ಬೆರೆಸಿಲ್ರಿ' ಅಂದರೂ, ಕಂಡಕ್ಟರ್ 'ಚಿಲ್ಲರ ಇಲ್ರಿ' ಅಂದರೂ, ಮಠದ ಸ್ವಾಮಿಗಳು 'ಒಳ್ಳೇದಾಗ್ತದ' ಅಂದರೂ ಆ ರೆಪ್ಪೆ ಇಳಿಯುತ್ತಿತ್ತು. ನಂತರ ಒಂದೇ ಮಾತು: "ಖರೇ?"

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ತೀರಿಕೊಂಡಿದ್ದರಿಂದ ನಿಂಬರ್ಗಾದ ನಮ್ಮ ಕೂಡು ಮನೆಯನ್ನು ಅವಳೇ ನಡೆಸುತ್ತಿದ್ದಳು. ಆಳು ಕುಳ್ಳಿ, ನನ್ನ ಹೆಗಲಿಗೆ ಬರುತ್ತಿದ್ದಳು. ಸೊಂಟಕ್ಕೆ ಎಲೆಅಡಿಕೆಯ ಸಂಚಿ ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದರೆ ಮಾತ್ರ ಎತ್ತರದ ಗಂಡಸರು ದನಿ ತಗ್ಗಿಸುತ್ತಿದ್ದರು.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ಗುಲಬರ್ಗಾಕ್ಕೆ ಓದಲು ಹೋದ ವರ್ಷ ಊರಿನಲ್ಲಿ ನೂರೆಂಟು ಮಾತು. ದೊಡ್ಡವ್ವ ಊರಿನವರನ್ನೂ ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ. ಹೇಳದೆ ಕೇಳದೆ ಒಂದು ದಿನ ರೊಟ್ಟಿ ಗಂಟು ಹಿಡಿದು ಕಾಲೇಜಿನ ಗೇಟಿಗೆ ಬಂದು ನಿಂತಳು. "ಇದು ಖರೇನೇ ಕಾಲೇಜೇನ್ರಿ?" ಎಂದು ಕಾವಲುಗಾರನನ್ನು ಕೇಳಿದಳಂತೆ. ಒಳಗೆ ಬಂದು ಇತಿಹಾಸದ ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಪೂರ್ತಿ ಅವಧಿ ಕುಳಿತಳು. ಹೊರಗೆ ಬಂದಾಗ ನನಗೆ ನಾಚಿಕೆಯಿಂದ ಮುಖ ಎತ್ತಲಾಗುತ್ತಿರಲಿಲ್ಲ.

"ಆ ಮಾಸ್ತರ ಪುಸ್ತಕ ನೋಡ್ಲಾರ್ದ ಹೇಳಿದ," ಅಂದಳು. "ಅವ ಸುಳ್ಳ ಹೇಳಿದ್ರ ನಿಮಗ ಹ್ಯಾಂಗ ತಿಳೀಬೇಕು?"

"ಪುಸ್ತಕದಾಗ ಇರ್ತದ, ದೊಡ್ಡವ್ವ."

"ಪುಸ್ತಕ ಬರ್ದವ ಸುಳ್ಳ ಬರ್ದಿದ್ರ? ಇನ್ನೊಂದು ಪುಸ್ತಕ ತಗೊಂಡು ತಾಳೆ ಹಾಕಿ ನೋಡು."

ಊರಿಗೆ ಹೋಗಿ ಎಲ್ಲರಿಗೂ ಹೇಳಿದಳು: "ನಾ ಕಣ್ಣಾರೆ ನೋಡಿ ಬಂದೇನಿ. ಕಾಲೇಜ್ ಅದ. ಹುಡುಗಿ ಒಳಗೇ ಅದಾಳ." ಮಾತು ಅಲ್ಲಿಗೆ ನಿಂತವು.

ಗಾಡಿಯ ವಿಷಯ ಬಂದದ್ದು ನಾನು ಬಿ.ಎ. ಮುಗಿಸಿ ಮನೆಗೆ ಬಂದ ಮೇಲೆ, ತೊಂಬತ್ತರ ದಶಕದ ಮೊದಲಲ್ಲಿ. ಅದರ ಹಿಂದಿನ ಮಳೆಗಾಲದಲ್ಲಿ ದೊಡ್ಡವ್ವನ ಮಗನ ಹೆಂಡತಿಗೆ, ಅಂದರೆ ನನ್ನ ವೈನಿಗೆ, ದಿನ ತುಂಬುವ ಮೊದಲೇ ನೋವು ಬಂದಿತ್ತು. ಬಸ್ಸು ಬರಲಿಲ್ಲ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಜೋಳದ ಕಣಿಕೆ ಹಾಸಿ ಆಳಂದದ ದವಾಖಾನೆಗೆ ಒಯ್ದರು. ಎರೆಭೂಮಿಯ ದಾರಿ, ಗಾಲಿ ಮುಳುಗುವ ತಗ್ಗು. ಕೂಸು ಉಳಿಯಲಿಲ್ಲ. ಮರುವರ್ಷ ವೈನಿ ಮತ್ತೆ ಬಸುರಾದಾಗ ಕಾಕಾ, ಅಂದರೆ ಅಪ್ಪನ ತಮ್ಮ, ಊಟಕ್ಕೆ ಕೂತಲ್ಲಿ ಹೇಳಿದ: "ಈ ಸಲ ಮನಿಗೊಂದು ದೊಡ್ಡ ಗಾಡಿ ತರೂಣು. ಸೊಸಿ ಸಲುವಾಗಿ."

ರೆಪ್ಪೆ ಇಳಿಯಿತು. "ಸೊಸಿ ಹೆಸರ ಹೇಳಿ ಯಾರ ಸಲುವಾಗಿ ತರ್ತೀದಿ?"

ಕಾಕಾನಿಗೆ ಮದುವೆ ಮುಂಜಿ, ಸಭೆ ಸಮಾರಂಭ ಅಂದರೆ ಪ್ರಾಣ. ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತ ತನ್ನನ್ನು ಅವನು ಆಗಲೇ ಕಂಡಿದ್ದ. ದೊಡ್ಡವ್ವನಿಗೂ ಅದು ಕಂಡಿತ್ತು. ಆದರೂ "ನೋಡೂಣು" ಅಂದಳು.

ನೋಡಬೇಕಾದವು ಮೂರು ಗಾಡಿ. ಆಳಂದದಲ್ಲಿ ದಲಾಲಿಯ ಹತ್ತಿರ ಒಂದು ಹಳೆಯ ಮಿಲಿಟರಿ ಜೀಪು. ಅಫಜಲಪುರದಲ್ಲಿ ಕಬ್ಬಿನ ಸಾಹುಕಾರರೊಬ್ಬರು ಮಾರಲಿಟ್ಟಿದ್ದ ಬಿಳಿ ಗಾಡಿ. ಜೇವರ್ಗಿಯಲ್ಲಿ ಏಜೆಂಟನ ಅಂಗಳಕ್ಕೆ ಬಂದು ನಿಂತಿದ್ದ ಹೊಸ ಉದ್ದ ಗಾಡಿ. ಓದಿದವಳು ಅಂತ ಕಾಕಾ ನನ್ನ ಮುಂದೆ ಕಾಗದಗಳನ್ನು ಹಾಕಿದ. ನಾನು ಹುಮ್ಮಸ್ಸಿನಿಂದ ಗೆರೆ ಎಳೆದು ಬರೆದೆ: ಯಾವುದು ಲೀಟರಿಗೆ ಎಷ್ಟು ಓಡುತ್ತದೆ, ಎಷ್ಟು ಜನ ಹಿಡಿಸುತ್ತಾರೆ, ಇಂಜಿನ್ನಿನ ಶಕ್ತಿ ಎಷ್ಟು. ಓದಿ ಹೇಳಿದೆ. ದೊಡ್ಡವ್ವ ಕೊನೆತನಕ ಕೇಳಿ, "ಮಲಗೋದು ಎಷ್ಟು ಉದ್ದ ಅಂತ ಎಲ್ಲಿ ಬರ್ದಾರ?" ಅಂದಳು.

"ಅದು ಬರ್ದಿಲ್ಲ."

"ಹಂಗಾರ ನಾ ಬರ್ತೇನಿ."

ವೈನಿಗೆ ಓಡಾಟ ಬೇಡ ಎಂದಿದ್ದರು. ಹಾಗಾಗಿ ಹೊರಟವರು ಕಾಕಾ, ದೊಡ್ಡವ್ವ, ನಾನು; ಜೊತೆಗೆ ಹಿತ್ತಾಳೆಯ ಒಂದು ತಂಬಿಗೆ, ಚೀಲದಲ್ಲಿ ಹಾಸಲು ಒಂದು ಕೌದಿ.

ಆಳಂದದ ದಲಾಲಿ ನಾಲಿಗೆಯ ಮನುಷ್ಯ. "ಒಬ್ಬ ದೊಡ್ಡ ಸಾಹೇಬ್ರು ಹೂವಿನಂಗ ಇಟ್ಟಿದ್ರು ಅವ್ವಾರ," ಅಂದ. ದೊಡ್ಡವ್ವ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. "ಹೂವು ಬಿಸಿ ಅದಲ್ಲೋ ಅಪ್ಪಾ. ನಾವು ಬರೋಕಿಂತ ಮೊದ್ಲೇ ಚಾಲೂ ಮಾಡಿ ಕಾಸಿ ಇಟ್ಟೀದಿ, ತಣ್ಣಗಿದ್ರ ಚಾಲೂ ಆಗಂಗಿಲ್ಲೇನು?" ದಲಾಲಿ ನಕ್ಕು ಬೇರೆ ಮಾತು ತೆಗೆದ. ಅವಳು ತಂಬಿಗೆಯ ತುಂಬ ನೀರು ತುಂಬಿಸಿ, ತೊಡೆಯ ಮೇಲೆ ಇಟ್ಟುಕೊಂಡು, ಹಿಂದೆ ಹತ್ತಿ ಕೂತು, ಹೊಲದ ದಾರಿಯಲ್ಲಿ ಓಡಿಸಲು ಹೇಳಿದಳು. ತಿರುಗಿ ಬಂದಾಗ ಸೀರೆ ಮೊಣಕಾಲತನಕ ತೊಯ್ದಿತ್ತು, ತಂಬಿಗೆ ಬರಿದು. ಅದನ್ನು ಕಾಕಾನ ಕೈಗೆ ಕೊಟ್ಟು, "ಇದು ನೀರು. ಕೂಸಾಗಿದ್ರ?" ಅಂದಳು.

ಅಫಜಲಪುರದ ಗಾಡಿಯಲ್ಲಿ ತಂಬಿಗೆಯ ನೀರು ಅರ್ಧಕ್ಕಿಂತ ಹೆಚ್ಚು ಉಳಿಯಿತು. ಮೆತ್ತನೆಯ ಸೀಟು, ಹಾಡಿನ ಟೇಪು, ಕಿಟಕಿಗೆ ಪರದೆ. ಕಾಕಾ ಅದರ ಸುತ್ತ ಮದುಮಗನ ಹಾಗೆ ತಿರುಗಿದ. ದೊಡ್ಡವ್ವ ಗಾಡಿಯನ್ನು ಬಿಟ್ಟು ಸೀದಾ ಸಾಹುಕಾರರ ಅಡುಗೆ ಮನೆಗೆ ಹೋದಳು. ನಾನೂ ಹಿಂದೆ ಹೋದೆ.

"ಈ ಗಾಡ್ಯಾಗ ನೀವು ಎಷ್ಟು ಸಲ ಕುಂತೀರಿ, ತಂಗಿ?" ಎಂದು ಮನೆಯೊಡತಿಯನ್ನು ಕೇಳಿದಳು.

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವರ ಮಂದಿನೇ ತುಂಬ್ತಾರ್ರಿ. ನಮಗ ಜಾಗ ಎಲ್ಲಿದು?"

ಹೊರಗೆ ಬಂದ ದೊಡ್ಡವ್ವ ಗಾಡಿಯ ಹಿಂಬಾಗಿಲು ತೆಗೆಸಿ, ಸೆರಗು ಸಿಕ್ಕಿಸಿ, ಹತ್ತಿ ಮಲಗಿಯೇ ಬಿಟ್ಟಳು. ಸಾಹುಕಾರರ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ನಡುವಿನ ಸೀಟು ಮಡಚುವಂಥದ್ದಲ್ಲ; ಕುಳ್ಳಿಯಾದ ಅವಳೇ ಮೊಣಕಾಲು ಮಡಚಬೇಕಾಯಿತು.

"ಯವ್ವಾ ತಾಯಿ," ಕಾಕಾ ಕೈ ಮುಗಿದ, "ಗಾಡಿ ಇರೋದು ಕುಂಡ್ರಾಕ, ಮಲಗಾಕಲ್ಲ!"

"ಕುಂತು ಹೋಗೋರು ಬಸ್ಸಿಗೆ ಹೋಗ್ರಿ," ಮಲಗಿದಲ್ಲಿಂದಲೇ ಉತ್ತರ ಬಂತು.

ಜೇವರ್ಗಿಯ ಗಾಡಿ ನೋಡಲು ಚೆಲುವಿನದಲ್ಲ, ಧಾನ್ಯದ ಪೆಟ್ಟಿಗೆಗೆ ಗಾಲಿ ಹಚ್ಚಿದ ಹಾಗಿತ್ತು. ಆದರೆ ಹಿಂದೆ ಎರಡು ಬದಿಗೂ ಉದ್ದುದ್ದ ಬೆಂಚು, ನಡುವೆ ಖಾಲಿ ಜಾಗ. ಬೆಂಚಿನಿಂದ ಬೆಂಚಿಗೆ ಹಲಗೆ ಹಾಕಿದರೆ ಮಂಚವೇ ಆಗುತ್ತಿತ್ತು. ಏಜೆಂಟನಿಗೆ ಹೇಳಿ ಹಲಗೆ ತರಿಸಿದಳು. ಮಲಗಿದಳು. ಕಾಲು ಚಾಚಿದಳು. "ಬರೋಬ್ಬರಿ ಅದ," ಅಂದಳು. ಕಾಕಾ ನಿಟ್ಟುಸಿರು ಬಿಟ್ಟ.

ಆಗ ನಾನು ಬಾಯಿಬಿಟ್ಟೆ. "ದೊಡ್ಡವ್ವ, ನೀ ನನ್ನ ಹೆಗಲಿಗೆ ಬರ್ತಿ. ವೈನಿ ನನ್ನಷ್ಟು ಎತ್ತರ ಅದಾಳಲ್ಲ?"

ಅವಳ ಎರಡೂ ಕಣ್ಣು ಪೂರ್ತಿ ತೆರೆದದ್ದನ್ನು ನಾನು ಆವತ್ತು ನೋಡಿದೆ. ಅಫಜಲಪುರದಲ್ಲೂ ಇಲ್ಲೂ ಗಾಡಿಯನ್ನು ಅವಳು ತನ್ನ ಮೈಗೇ ಅಳೆದಿದ್ದಳು. ಎದ್ದು ಕೂತು, ಚೀಲದಿಂದ ಕೌದಿ ತೆಗೆದು, ಸುತ್ತಿ ಉಂಡೆ ಮಾಡಿ, ಕಾಕಾನ ಟವೆಲ್ಲಿನಿಂದ ನನ್ನ ಹೊಟ್ಟೆಗೆ ಕಟ್ಟತೊಡಗಿದಳು.

"ಇದೇನು ಮಾಡಾಕತ್ತಿ?"

"ದಿನ ತುಂಬಿದಾಕಿಗೆ ಹೊಟ್ಟಿ ಇಷ್ಟಾದ್ರೂ ಇರ್ತದ. ಏರು."

ಎದುರಿನ ಚಹಾದಂಗಡಿಯ ಮಂದಿ ಆಗಲೇ ಎದ್ದು ನಿಂತಿದ್ದರು. ಮದುವೆಯಾಗದ ಹುಡುಗಿ, ಪದವೀಧರೆ. ನಾನು ಆಗೋದಿಲ್ಲ ಅಂದೆ.

"ಬಿ.ಎ. ಹೊಟ್ಟಿಗೆ ಅಡ್ಡ ಬರ್ತದೇನು ಬೇ? ಏರು."

ಏರಿದೆ. ಮಲಗಿದೆ. ಬಾಗಿಲು ಹಾಕಿಸಿದಳು. ತಲೆಯ ಹತ್ತಿರ ತಾನೇ ಕೂತು, ಒಬ್ಬ ಹೆಂಗಸು ತಲೆ ಹಿಡಿದುಕೊಂಡು ಕೂರಲು ಜಾಗ ಇದೆಯೋ ಎಂದು ನೋಡಿದಳು.

"ಕಾಲು ಬಾಗಲಿಗೆ ತಾಕ್ತಾವೇನು?"

"ಇಲ್ಲ."

"ಖರೇ?" ಅಂದವಳು ಸುಮ್ಮನಿರಲಿಲ್ಲ. ಬೆಂಚಿನ ಮೇಲೆ ಸರಿದು ಬಂದು ನನ್ನ ಅಂಗಾಲಿಗೂ ಬಾಗಿಲಿಗೂ ನಡುವೆ ಕೈ ಇಟ್ಟು ನೋಡಿದಳು. ಒಂದು ಗೇಣು ಇತ್ತು. ಆಮೇಲೆ ನನ್ನನ್ನು ಹಾಗೇ ಮಲಗಿಸಿಕೊಂಡು, ತಂಬಿಗೆ ತೊಡೆಯ ಮೇಲಿಟ್ಟುಕೊಂಡು, ಭೀಮೆಯ ಸೇತುವೆಯತನಕ ಓಡಿಸಿ ತಂದಳು. ನೀರು ಚೆಲ್ಲಿತು, ಆದರೆ ಉಳಿಯಿತು ಕೂಡ.

ಗಾಡಿ ಮನೆಗೆ ಬಂದ ದಿನ ಕಾಕಾ ಕಾಯಿ ಒಡೆದ. ದೊಡ್ಡವ್ವ ವಿಭೂತಿ ಹಚ್ಚಿ, ಚಾವಿ ತೆಗೆದು ಸಂಚಿಗೆ ಹಾಕಿಕೊಂಡಳು. "ಬೇಕಾದಾಗ ಕೇಳ್ರಿ. ಎಲ್ಲಿಗೆ ಅಂತ ಹೇಳ್ರಿ."

ಆದರೆ ಜೇವರ್ಗಿಯಲ್ಲಿ ಮಲಗಿದ್ದು ಅಲ್ಲಿಗೇ ಮುಗಿಯಲಿಲ್ಲ. ಆ ಕಡೆಯ ಒಂದು ಮನೆಯೊಂದಿಗೆ ನನ್ನ ಸಂಬಂಧದ ಮಾತು ನಡೆದಿತ್ತು. ಅವರು ಹೇಳಿ ಕಳಿಸಿದರು: ಆಳಂದ ಕಡೆಯ ಹುಡುಗಿಗೆ ದಿನ ತುಂಬಿವೆ, ಏಜೆಂಟನ ಅಂಗಳದಲ್ಲಿ ಮಂದಿ ಕಣ್ಣಾರೆ ನೋಡಿದ್ದಾರೆ, ನಮಗೆ ಬೇಡ. ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಕಾಕಾ ದೊಡ್ಡವ್ವನ ಮೇಲೆ ಹರಿಹಾಯ್ದ: "ನೀನೇ ಹೋಗಿ ಖರೇ ಏನಂತ ಹೇಳಿ ಬಾ!"

"ಹೋಗಂಗಿಲ್ಲ," ಅಂದಳು ದೊಡ್ಡವ್ವ. "ನನಗ ಸಂಶಯ ಬಂದ್ರ ಎದ್ದು ಹೋಗಿ ನೋಡ್ತೇನಿ. ಕಾಲೇಜಿಗೂ ಹೋಗಿದ್ದೆ, ಗಾಡ್ಯಾಗೂ ಮಲಗಿದ್ದೆ. ಅವರು ಮನ್ಯಾಗ ಕುಂತಲ್ಲೇ ಸಂಶಯ ಮಾಡ್ತಾರ. ಅಂಥ ಮನಿ ನಮಗ್ಯಾಕ?" ನನ್ನ ಕಡೆ ತಿರುಗಿದಳು. "ಮಾಸ್ತರಕಿ ಓದು ಇನ್ನೊಂದು ಅದ ಅಂದಿದ್ದಿಯಲ್ಲ, ಅದನ್ನ ಓದು."

ನಾನು ಬಿ.ಎಡ್. ಮಾಡಿದ್ದು, ಶಿಕ್ಷಕಿಯಾಗಿ ನನ್ನ ಕಾಲ ಮೇಲೆ ನಿಂತದ್ದು ಆ ಒಂದು ಮಾತಿನಿಂದ. ಯಾರೇ ಏನೇ ಹೇಳಿದರೂ ಇನ್ನೊಂದು ಪುಸ್ತಕ ತೆಗೆದು ನೋಡುವ ಚಟವೂ ಅವಳದೇ.

ಶ್ರಾವಣದ ಒಂದು ಮುಂಜಾನೆ ಕಾಕಾ ಗರಿ ಮುರಿಯದ ಧೋತರ ಉಟ್ಟು ಅಫಜಲಪುರದ ಮದುವೆಗೆ ಹೊರಟ. ಗೆಳೆಯರು ಆಗಲೇ ಗಾಡಿಯ ಬೆಂಚಿನ ಮೇಲೆ ಕೂತಿದ್ದರು. ದೊಡ್ಡವ್ವ ಚಾವಿ ಕೊಡಲಿಲ್ಲ. "ಸೊಸಿ ಮಾರಿ ಯಾಕೋ ಬ್ಯಾರೆ ಕಾಣಾಕತ್ತದ."

"ನನಗೇನೂ ಆಗಿಲ್ರಿ ಅತ್ತಿ, ಅವರು ಹೋಗ್ಲಿ," ಒಳಗಿನಿಂದ ವೈನಿ ಅಂದಳು.

"ಏನೂ ಆಗಿಲ್ಲಂತಾಳ. ಅಂದ್ರ ಏನೋ ಆಗ್ಯದ."

ಗೆಳೆಯರು ಗೊಣಗುತ್ತಾ ಇಳಿದು ಬಸ್ಸಿಗೆ ಹೋದರು, ಕಾಕಾ ಮನೆಯಲ್ಲೇ ಉಳಿದ. ಮಧ್ಯಾಹ್ನದ ಮಳೆಯೊಳಗೆ ನೋವು ಶುರುವಾಯಿತು. ವೈನಿಯ ಗಂಡ, ನನ್ನ ಅಣ್ಣ, ಗಾಡಿ ಹೊಡೆದ; ವೈನಿ ಹಲಗೆಯ ಮೇಲೆ ಕಾಲು ಚಾಚಿ ಮಲಗಿದಳು, ದೊಡ್ಡವ್ವ ತಲೆ ಹಿಡಿದಳು. ಹಳ್ಳದ ಹತ್ತಿರ ಗಾಲಿ ಸಿಕ್ಕಿದಾಗ ಹಿಂದಿನಿಂದ ನೂಕಿದವನು ಕಾಕಾ; ಧೋತರ ಎದೆಯತನಕ ಕರಿ ಕೆಸರು. ಆಳಂದದಲ್ಲಿ ಹೆಣ್ಣು ಕೂಸು ಹುಟ್ಟಿ ಗಟ್ಟಿಯಾಗಿ ಅತ್ತಿತು. ನರ್ಸು ತಂದು ಕೈಗಿಟ್ಟಾಗ ದೊಡ್ಡವ್ವನ ರೆಪ್ಪೆ ಇಳಿಯಿತು: "ನಮ್ಮದೇ ಏನ್ರಿ ಇದು? ಖರೇ?" ಕೆಸರಿನ ಕಾಕಾ ನಕ್ಕೂ ನಕ್ಕೂ ಗೋಡೆಗೆ ಒರಗಿದ.

ಆ ದಶಕದ ಕೊನೆಗೆ ದೊಡ್ಡವ್ವ ಗುಲಬರ್ಗಾದ ದವಾಖಾನೆಯಲ್ಲಿ ಬಹಳ ದಿನ ಇದ್ದಳು. ಡಾಕ್ಟರ್ ಗುಣವಾಗುತ್ತದೆ ಅಂದರು. "ನನ್ನ ಮಾರಿ ನೋಡ್ಲಾರ್ದ ಮಾತಾಡ್ತಾನ. ಮನಿಗೆ ನಡೀರಿ," ಅಂದಳು. ಅದೇ ಗಾಡಿ, ಅದೇ ಹಲಗೆ. ತಲೆಯ ಹತ್ತಿರ ನಾನು ಕೂತಿದ್ದೆ. ದಾರಿಯಲ್ಲಿ ಕಣ್ಣು ಬಿಟ್ಟು ಕೇಳಿದಳು, "ಕಾಲು ತಾಕ್ತಾವೇನು ನೋಡು."

"ಇಲ್ಲ ದೊಡ್ಡವ್ವ."

"ಖರೇ?"

ನಾನು ಸರಿದು ಹೋಗಿ ಅವಳ ಅಂಗಾಲಿಗೂ ಬಾಗಿಲಿಗೂ ನಡುವೆ ಕೈ ಇಟ್ಟೆ. ಇಡೀ ಮೊಳದಷ್ಟು ಜಾಗ ಉಳಿದಿತ್ತು. ಹಾಗೆಂದು ಹೇಳಿದೆ. ಆಗ ಕಣ್ಣು ಮುಚ್ಚಿದಳು, ಎರಡನ್ನೂ.

ಊರು ಮುಟ್ಟಿ ಸ್ವಲ್ಪ ದಿನಕ್ಕೆ ಹೋದಳು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಮಾಡುವುದು. ಒಬ್ಬಳಿಗೆ ಕಾಲು ಚಾಚಿ ಮಲಗಲು ಮೂರು ಊರು ತಿರುಗಿ ಜಾಗ ಹುಡುಕಿದವಳನ್ನು ನಾವು ನೆಟ್ಟಗೆ ಕೂಡಿಸಿ ಕಳಿಸಿದೆವು.

ದಿನಕರ್ಮ ಎಲ್ಲ ಮುಗಿದ ಮೇಲೆ ಕಾಕಾ ಎಲ್ಲಿಗೋ ಹೊರಟು ಚಾವಿಗೆ ಕೈ ಚಾಚಿದ. ಸಂಚಿ ಈಗ ವೈನಿಯ ಸೊಂಟದಲ್ಲಿತ್ತು. ಅವಳು ಕೊಡಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ.

"ಎಲ್ಲಿಗ್ರಿ ಮಾವಾ?" ಅಂದಳು. ಅವಳ ಎಡಗಣ್ಣು ಅರ್ಧ ಮುಚ್ಚಿತ್ತು.