ಡಬ್ಬಿಗೆ ಬೀಳದ ಲಕೋಟೆ

ಬೆಳಗಿನ ಐದೂಮುಕ್ಕಾಲು. ಬಾಗಿಲ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ. ಉದ್ದನೆಯ ಮೊಗಸಾಲೆಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಒಳಗೆ ಐವತ್ತೆರಡರ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿಕೊಂಡು, ಪ್ರಿಂಟರ್ ಉಗುಳುವ ಹಾಳೆಗಳನ್ನು ಬಿಸಿ ಆರುವ ಮೊದಲೇ ಎಳೆದುಕೊಳ್ಳುತ್ತಿದ್ದಾರೆ. ಒಟ್ಟು ನಲವತ್ತು ಹಾಳೆ, ಒಂದೊಂದರಲ್ಲೂ ಇವತ್ತಿನ ಪ್ರಯೋಗದ ಒಂದೊಂದು ಲೆಕ್ಕದ ಗೆರೆ. ಮೂವತ್ತಮೂರರಲ್ಲಿ ಗೆರೆ ಮೂರನೇ ಸೆಕೆಂಡಿಗೇ ನೆಲಕಚ್ಚಿದೆ. ಅವರ ಮುಖ ಸಪ್ಪಗಾಗುತ್ತದೆ.

ಪಕ್ಕದ ಹಾಲ್‌ನಲ್ಲಿರುವುದು ಸೂರ್ಯನ ಒಲೆಯನ್ನು ನೆಲದ ಮೇಲೆ ಹೊತ್ತಿಸಲು ಹೊರಟಿರುವ ಯಂತ್ರ. ಅನಿಲವನ್ನು ಹತ್ತು ಕೋಟಿ ಡಿಗ್ರಿಗೆ ಕಾಯಿಸಿ ಪ್ಲಾಸ್ಮಾ ಮಾಡುತ್ತಾರೆ. ಅದು ಗೋಡೆಗೆ ತಾಗದಂತೆ ಅಯಸ್ಕಾಂತದ ಬಲದಿಂದ ಹಿಡಿದಿಡುತ್ತಾರೆ. ಒಂದು ಪ್ರಯೋಗವೆಂದರೆ ಐದಾರು ಸೆಕೆಂಡು. ಅಷ್ಟರಲ್ಲಿ ಪ್ಲಾಸ್ಮಾ ಎಷ್ಟು ಕಾಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಮುಂಚೆಯೇ ಲೆಕ್ಕ ಹಾಕಿ ಹೇಳುವುದು ಇವರ ಕೆಲಸ. ಜೊತೆಯವರು ಇಟ್ಟ ಹೆಸರು ‘ಕಣಿ ಅಕ್ಕ’.

“ಕಣಿ ಹೇಳೋರು ಸಂಜೆಗೆ ಬೇರೆ ಊರಿಗೆ ಹೊರಟುಬಿಡ್ತಾರೆ. ನಾನು ಇಲ್ಲೇ ಕೂತಿರ್ಬೇಕಲ್ಲ!” ಎಂದು ಅಕ್ಕ ನಗುತ್ತಾರೆ.

ಇಪ್ಪತ್ತಾರನೇ ವಯಸ್ಸಿನಲ್ಲಿ ಮೀಟರುಗಳ ಅಂಕಿ ಟೈಪ್ ಮಾಡಲು ಸೇರಿದವರು. ಸಂಜೆ ತರಗತಿಗೆ ಹೋಗಿ ಗಣಿತ ಕಲಿತರು. ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯ ಅರ್ಧಕ್ಕರ್ಧ ಇವರು ಬರೆದದ್ದೇ. ಆದರೂ ದೊಡ್ಡ ಪ್ರಬಂಧಗಳಲ್ಲಿ ಇವರನ್ನು ಹುಡುಕಬೇಕಾದದ್ದು ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿ. ಇದು ನನಗೇನೋ ಸರಿ ಕಾಣುವುದಿಲ್ಲ. ಅಕ್ಕನಿಗೆ ಅದರ ಗೊಡವೆಯೇ ಇಲ್ಲ.

ಅವರನ್ನು ಕಾಡುವುದು ಬೇರೆ. ಹನ್ನೊಂದು ವರ್ಷದ ಹಿಂದೆ ಪ್ರಯೋಗ ಮುಗಿದ ಮೇಲೆ ಮಾದರಿಯಲ್ಲಿ ಒಂದು ಅಂಕಿಯನ್ನು ಚೂರು ತಿದ್ದಿದರು. ಲೆಕ್ಕದ ಗೆರೆ, ಯಂತ್ರದ ಗೆರೆ ತಾಳೆಯಾದವು, ಎಲ್ಲರೂ ಬೆನ್ನು ತಟ್ಟಿದರು. ಮುಂದೆ ಯಂತ್ರದ ಶಕ್ತಿ ಹೆಚ್ಚಿಸಿದಾಗ ಅದೇ ಮಾದರಿ ಅರ್ಧಕ್ಕರ್ಧ ತಪ್ಪು ಹೇಳಿತು.

“ನಮ್ಮಮ್ಮ ಬಟ್ಟೆ ಹೊಲೀತಿದ್ರು. ಕತ್ತರಿಸಿದ ಮೇಲೆ ಅಳತೆ ತಿದ್ದಬೇಡ ಅಂತ ದಿನಾ ಬೈಯೋರು. ನಾನು ಮಾಡಿದ್ದು ಅದನ್ನೇ.”

ಅಂದಿನಿಂದ ಬಂದದ್ದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಪ್ರಯೋಗಕ್ಕೆ ಮೊದಲು ಭವಿಷ್ಯವನ್ನು ಲಕೋಟೆಗೆ ಹಾಕಿ, ಅಂಟಿಸಿ, ಡಬ್ಬಿಯೊಳಗಿಡಬೇಕು. ಬೀಗದ ಕೈ ಮುಖ್ಯ ಎಂಜಿನಿಯರ್ ಹತ್ತಿರ. ಸಂಜೆ ಎಲ್ಲರೆದುರು ಒಡೆಯಬೇಕು. ಇದುವರೆಗೆ 2,306 ಲಕೋಟೆ, ಅದರಲ್ಲಿ 1,871 ಸರಿ. ಒಳಗಿರುವುದನ್ನು ಮುಂಚೆ ಬಾಯಿಬಿಟ್ಟದ್ದು ಒಮ್ಮೆಯೂ ಇಲ್ಲ.

ಇವತ್ತಿನದು ಯಂತ್ರ ಇದುವರೆಗೆ ಕಾಣದ ಶಕ್ತಿಯ ಪ್ರಯೋಗ. ಹಾಳೆಗಳು ಹೇಳುವಂತಾದರೆ ಪ್ಲಾಸ್ಮಾ ಸಿಡಿದು ಗೋಡೆಗೆ ಬಡಿಯುತ್ತದೆ. ಅಕ್ಕ ಲಕೋಟೆಯನ್ನು ಕೈಯಲ್ಲಿ ಹಿಡಿದು ಡಬ್ಬಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಅದನ್ನು ಒಳಗೆ ಹಾಕದೆ ಸೀದಾ ಮುಖ್ಯ ಎಂಜಿನಿಯರ್ ಮೇಜಿನ ಮೇಲಿಡುತ್ತಾರೆ.

“ಏನಕ್ಕಾ, ನಿಮ್ಮ ನಿಯಮ ನೀವೇ ಮುರೀತೀರಾ?”

“ಡಬ್ಬಿಗೆ ಹಾಕಿದ್ರೆ ಸಂಜೆ ನಾನು ಗೆಲ್ತೀನಿ ಸಾರ್. ಯಂತ್ರ ಆರು ತಿಂಗಳು ಮಲಗುತ್ತೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಸುಖ? ಬಿಸಿ ಏರಿಸೋದನ್ನ ಅರ್ಧ ಸೆಕೆಂಡು ತಡ ಮಾಡಿ, ಸಾಕು.”

ಎಂಜಿನಿಯರ್ ಲಕೋಟೆ ಒಡೆದು ಹಾಳೆ ಎಣಿಸುತ್ತಾರೆ. “ಏಳು ಹಾಳೆ ಸರಿಹೋಗುತ್ತೆ ಅಂತಾನೂ ಹೇಳ್ತಿವೆಯಲ್ಲ?”

“ಹೇಳ್ತಿವೆ. ನಾನು ತಪ್ಪಿರಬಹುದು.”

ಎಂಜಿನಿಯರ್ ಹಾಳೆಗಳನ್ನು ಎರಡು ಸಲ ತಿರುವಿ ಹಾಕುತ್ತಾರೆ. ಫೋನ್ ಎತ್ತಿ, “ಅರ್ಧ ಸೆಕೆಂಡು ತಡ ಮಾಡ್ರಪ್ಪಾ” ಎನ್ನುತ್ತಾರೆ.

ಹತ್ತೂಕಾಲಿಗೆ ಪರದೆಯ ಮೇಲೆ ಗುಲಾಬಿ ಬೆಳಕು ಮೂಡುತ್ತದೆ. ಮೂರು ದಾಟಿತು, ನಾಲ್ಕು, ಐದು. ಆರನೇ ಸೆಕೆಂಡಿಗೆ ಹೇಳಿದ ಹಾಗೆ ಕೇಳಿ ತಣ್ಣಗೆ ಆರುತ್ತದೆ. ಹಾಲ್ ತುಂಬ ಚಪ್ಪಾಳೆ. ಯಂತ್ರ ನಡೆಸಿದವರನ್ನು ಎತ್ತಿ ಕುಣಿಸುವುದೊಂದು ಬಾಕಿ. ಕೊನೆಯ ಕುರ್ಚಿಯಲ್ಲಿ ಅಕ್ಕ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ.

ಸಂಜೆ ಡಬ್ಬಿ ತೆರೆದರೆ ಆ ಪ್ರಯೋಗದ ಲಕೋಟೆಯೇ ಇಲ್ಲ. “ಅಕ್ಕಾ, ತಡ ಮಾಡದೆ ಮೊದ್ಲಿನ ಹಾಗೇ ನಡೆಸಿದ್ರೂ ಏನೂ ಆಗ್ತಿರ್ಲಿಲ್ವೇನೋ!” ಎಂದು ಯಾರೋ ಕಿಚಾಯಿಸುತ್ತಾರೆ. “ಇರಬಹುದಪ್ಪ” ಎಂದಷ್ಟೇ ಹೇಳಿ, ಅಕ್ಕ ದಾಖಲೆ ಪುಸ್ತಕದಲ್ಲಿ ‘ಸರಿ’, ‘ತಪ್ಪು’ ಎರಡೂ ಬರೆಯದೆ ಜಾಗ ಖಾಲಿ ಬಿಡುತ್ತಾರೆ.

ಮನೆಗೆ ಬಂದರೆ ಎಂಬತ್ತರ ಅಮ್ಮ ದಿನದ ಪ್ರಶ್ನೆ ಹಿಡಿದು ಕಾದಿದ್ದಾರೆ: “ಇವತ್ತು ನಿನ್ನ ಲೆಕ್ಕ ಸರಿ ಬಂತೇನೇ?”

“ಗೊತ್ತಾಗ್ಲೇ ಇಲ್ಲಮ್ಮ,” ಎನ್ನುತ್ತಾರೆ ಮಗಳು, ಚಪ್ಪಲಿ ಬಿಡುತ್ತ. ಬೆಳಗಿನಿಂದ ಬಿಗಿದಿದ್ದ ಮುಖ ಈಗ ಅರಳುತ್ತದೆ. “ಗೊತ್ತಾಗದ ಹಾಗೆ ಮಾಡಿದ್ದು ನಾನೇ.”