ಮಸಿಯ ಸ್ಟೇಷನ್ನಿಗೆ ಅಪ್ಪನ ವಾರ್ನಿಷು

ಗೋಕಾಕದ ನಮ್ಮ ಮನೆಯಲ್ಲಿ ಯಾವ ಆಟಿಕೆಯೂ ಅಪ್ಪನ ಕೊನೆಯ ಕೈ ಬೀಳದೆ ಹೊಸ್ತಿಲು ದಾಟುತ್ತಿರಲಿಲ್ಲ. ನಾವು ಮಾಡುತ್ತಿದ್ದುದು ಕಟ್ಟಿಗೆಯ ಬಾಳೆಹಣ್ಣು, ಸೀತಾಫಲ, ಬದನೆಕಾಯಿ. ನೋಡಿದವರು ನಿಜದ್ದೇ ಎಂದು ಕೈ ಚಾಚಬೇಕು, ಹಾಗಿರಬೇಕು. ಕೆತ್ತುವವರು ಯಾರೇ ಇರಲಿ, ಬಣ್ಣ ಯಾರೇ ಬಳಿಯಲಿ, ಮೇಲಿನ ವಾರ್ನಿಷು ಮಾತ್ರ ಹಿರಿಯನದು. ಒಣಗಿದ ಸಾಮಾನನ್ನು ಕಿಟಕಿಯ ಬಾಜೂ ಇದ್ದ ಹಲಗೆಯ ಮೇಲೆ ಇಟ್ಟರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಪ್ಪ ಮಧ್ಯಾಹ್ನ ಊಟ ಮುಗಿಸಿ ಬಂದು ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಹಚ್ಚುತ್ತಿದ್ದ.

ನನ್ನನ್ನು ಮೂಡಲಗಿಗೆ ಕೊಟ್ಟಿದ್ದರು. ಮೂರನೆಯ ವರ್ಷಕ್ಕೆ ಗಂಡ ವಿಷಮಜ್ವರದಲ್ಲಿ ತೀರಿಕೊಂಡ. ಬೋಳು ಹಣೆ ಹೊತ್ತು ತವರಿಗೆ ಬಂದ ನನ್ನನ್ನು ಅವ್ವ ಒಳಕೋಣೆಯಲ್ಲಿ ಕೂಡ್ರಿಸಲು ನೋಡಿದಳು. ಅಪ್ಪ ಪಡಸಾಲೆಯಿಂದಲೇ ಕೂಗಿ, "ಆಕೀನ್ನ ಇಲ್ಲಿ ಕಳಸು. ಮಾವಿನಹಣ್ಣಿಗೆ ಕೆಂಪ ಹಚ್ಚಾಕ ನನಗೊಬ್ಬನಿಗೆ ಕೈ ಸಾಲವಲ್ದು" ಎಂದ. ಅವನ ಕೈ ಸಾಲದೆ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಆ ದಿನ ಅವನು ಕೊಟ್ಟ ಕುಂಚವೇ ನನ್ನನ್ನು ಉಳಿಸಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದನ್ನು ಓದುವಾಗ ನಾನು ಎಂಥವಳೆಂದು ಸರಿಯಾಗಿ ತಿಳಿಯಲಿ.

ಕೆಲವು ವರ್ಷಗಳಲ್ಲಿ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ಡಾಕ್ಟರ ಹತ್ತಿರ ಹೋಗೋಣವೆಂದರೆ "ನನಗೇನಾಗೇತಿ?" ಎಂದು ಗದರುತ್ತಿದ್ದ. ಕುಂಚವನ್ನು ಮೂಗಿನ ಹತ್ತಿರ ಹಿಡಿದು ಬಣ್ಣವನ್ನು ವಾಸನೆಯಿಂದ ಗುರುತಿಸುತ್ತಿದ್ದ. ಕೆತ್ತುವುದು ನಿಂತಿತು, ಬಣ್ಣ ನಿಂತಿತು, ವಾರ್ನಿಷು ಒಂದು ಉಳಿಯಿತು. ಅದರಲ್ಲೂ ಅಲ್ಲಲ್ಲಿ ಜಾಗ ಬಿಟ್ಟುಹೋಗುತ್ತಿತ್ತು. ಅವನು ಅಡ್ಡಾದ ಮೇಲೆ ನಾನು ಸದ್ದಿಲ್ಲದೆ ಅವನು ಬಿಟ್ಟ ಜಾಗಗಳಿಗೆ ಬಳಿದು, ಹಲಗೆಯ ಮೇಲೆ ಇದ್ದ ಹಾಗೇ ಇಡುತ್ತಿದ್ದೆ. ಗಿರಾಕಿಗಳು ಬಂದು, "ಯಜಮಾನರ ಕೈ ಇನ್ನೂ ಹಂಗ ಐತಿ ನೋಡ್ರಿ" ಎಂದರೆ ಅಪ್ಪ ಮೀಸೆಯಲ್ಲೇ ನಗುತ್ತಿದ್ದ. ಅವ್ವ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನಮ್ಮ ಸೀಮೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿರಬೇಕು. ಘಟಪ್ರಭಾದಿಂದ ಒಬ್ಬ ಸ್ಟೇಷನ್ ಮಾಸ್ತರರು ಬಂದರು. ನಿವೃತ್ತಿಗೆ ಮೂರು ನಾಲ್ಕು ತಿಂಗಳಿತ್ತು, ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಚೀಲದಲ್ಲಿ ಎರಡು ಸಾಮಾನು: ಹಿಂದೆ ಯಾವನೋ ಇಂಗ್ಲಿಷ್ ದೊರೆ ದೇಶ ಬಿಡುವಾಗ ಕೊಟ್ಟುಹೋದ, ಅಂಗೈ ಅಗಲದ ಕಟ್ಟಿಗೆಯ ಸ್ಟೇಷನ್ನು ಮತ್ತು ಮುಂಬಯಿಯಿಂದ ತರಿಸಿದ್ದ, ಕೀಲಿ ಕೊಟ್ಟರೆ ಓಡುವ ರೈಲು. ರೈಲು ದೊಡ್ಡದು, ಸ್ಟೇಷನ್ನು ಸಣ್ಣದು. ರೈಲು ಬಂದು ನಿಂತರೆ ಸ್ಟೇಷನ್ನು ಕೋಳಿಗೂಡಿನ ಹಾಗೆ ಕಾಣುತ್ತಿತ್ತು.

"ಈ ರೈಲಿಗೆ ಒಪ್ಪೂವಂಗ ಇದನ್ನ ದೊಡ್ಡದು ಮಾಡಿ ಕೊಡ್ರಿ" ಎಂದರು ಮಾಸ್ತರರು. "ಆದ್ರ ಈ ದೊರೆ ಸ್ಟೇಷನ್ ಬ್ಯಾಡ. ನಮ್ಮ ಸ್ಟೇಷನ್ ಆಗಬೇಕು. ಹಿಂದ ನಮ್ಮ ಕ್ವಾರ್ಟರ್ಸೂ ಬರಬೇಕು."

ನಾನು ಲೆಕ್ಕ ಸುಲಭವೆಂದುಕೊಂಡು ಎಲ್ಲವನ್ನೂ ಇಮ್ಮಡಿ ಮಾಡಲು ಹೊರಟೆ. ಎರಡು ದಿನದಲ್ಲಿ ಎದ್ದು ನಿಂತದ್ದನ್ನು ನೋಡಿದರೆ ಸ್ಟೇಷನ್ನಲ್ಲ, ಕಾಳಿನ ಕಣಜ. ಸಿಟ್ಟಿನಿಂದ ಉಳಿ ಬಿಸಾಡಿದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಅಪ್ಪ ಆ ಸ್ಟೇಷನ್ನನ್ನು ಮಡಿಲಿಗೆ ತೆಗೆದುಕೊಂಡು ಬೆರಳಾಡಿಸಿದ.

"ಮೊದಲ ಮನಷ್ಯಾನ್ನ ಮಾಡು ಮಗಳ. ರೈಲಿನ ಬಾಗಲದಾಗ ಅಂವ ಬಗ್ಗದಂಗ ನಿಲ್ಲಬೇಕು. ಆಮ್ಯಾಲ ಅವನ ಕೈಗೆ ನಿಲುಕುವಷ್ಟು ಕಿಟಕಿ, ಅವನ ತಲಿ ತಾಗದಷ್ಟು ಬಾಗಲ. ಸಣ್ಣದರಾಗ ಬಣ್ಣದಲೆ ಗೆರಿ ಎಳದ್ರ ಹಂಚು ಆಕ್ಕೈತಿ. ದೊಡ್ಡದರಾಗ ಆಗೂದಿಲ್ಲ, ಒಂದೊಂದ ಹಂಚು ಕೆತ್ತಬೇಕು."

ಮೂರು ಬೆರಳೆತ್ತರದ ಒಬ್ಬ ಕಟ್ಟಿಗೆಯ ಮನುಷ್ಯನನ್ನು ಮಾಡಿದೆ. ಅವನನ್ನು ಎಲ್ಲ ಬಾಗಿಲಲ್ಲೂ ನಿಲ್ಲಿಸಿ ನೋಡುತ್ತ, ದೊರೆಯ ಸ್ಟೇಷನ್ನಿನ ಹೊಗೆಗೂಡು ಬಿಟ್ಟು, ಕಡಿದಾದ ಛಾವಣಿಯನ್ನು ತಗ್ಗಿಸಿ, ಮುಂದೆ ಕಂಬದ ಪಡಸಾಲೆ ಎಳೆದೆ. ಹಂಚುಗಳನ್ನು ಅಪ್ಪ ಬೆರಳಿನಿಂದ ಎಣಿಸಿ ಜೋಡಿಸುತ್ತಿದ್ದ. ಒಂದು ವಕ್ರವಾಗಿ ಕೂತರೂ ಉಗುರಿನಿಂದ ಎಬ್ಬಿಸುತ್ತಿದ್ದ. ಆ ಎರಡು ತಿಂಗಳು ಅವನು ಹಾಡಿಕೊಳ್ಳುತ್ತ ಕೆಲಸ ಮಾಡಿದ. ನನಗೆ ಅವನನ್ನು ಬೇರೆಂದೂ ಅಷ್ಟು ಖುಷಿಯಲ್ಲಿ ನೋಡಿದ ನೆನಪಿಲ್ಲ.

ಬಣ್ಣಕ್ಕೆ ಮೊದಲು ಕಟ್ಟಡ ನೋಡಿ ಬರಲು ನಾನೊಬ್ಬಳೇ ಘಟಪ್ರಭಾಕ್ಕೆ ಹೋದೆ. ಮಾಸ್ತರರು ಕ್ವಾರ್ಟರ್ಸಿನ ಹಿಂದೆ ಕರೆದೊಯ್ದರು. "ಹೊಸಾದು ಮಾಡಬ್ಯಾಡ ತಂಗಿ. ಹಿಂಗ ಇರಬೇಕು. ಈ ಮಸಿ, ಮಳಿ ನೀರ ಇಳದ ಈ ಗೆರಿ, ಇದೆಲ್ಲಾ. ಹದಿನಾಲ್ಕ ವರ್ಷ ಆಕಿ ಇದನ್ನ ಬೈಕೋತನ ಇದರಾಗ ಬಾಳೇ ಮಾಡಿದ್ಲು." ಅವರು ಗೋಡೆಯ ಕಡೆ ತಿರುಗಿ ನಿಂತರು. ನಾನು ಸಂಜೆಯ ಬಸ್ಸಿನವರೆಗೂ ಕೂತು ಮಸಿ ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ನೋಡಿದೆ. ಎಂಜಿನ್ನಿನ ಕಡೆಯ ಗೋಡೆಗೆ ಹೊಗೆ ಮೇಲಿನಿಂದ ಇಳಿದಿತ್ತು, ಮಣ್ಣಿನ ಕೆಂಪು ಕೆಳಗಿನಿಂದ ಏರಿತ್ತು.

ಮನೆಗೆ ಬಂದು ಅಪ್ಪನಿಗೆ ಇದನ್ನು ಹೇಳಲಿಲ್ಲ. ನಮ್ಮ ಮನೆಯಿಂದ ಹೊಲಸಾದ ಸಾಮಾನು ಹೊರಗೆ ಹೋಗುವುದೆಂದರೆ ಅವನಿಗೆ ಅಪಮಾನ. ಅದಕ್ಕಿಂತ ದೊಡ್ಡದೆಂದರೆ, ಮಸಿಯ ಮೇಲೆ ವಾರ್ನಿಷು ಬೀಳಬಾರದು. ಅಂದರೆ ಇದಕ್ಕೆ ನಿನ್ನ ಕೈ ಬೇಡ ಎಂದು ಹೇಳಬೇಕು. ಎಂಟು ಹತ್ತು ಸಲ ಬಾಯಿ ತೆರೆದು ಮುಚ್ಚಿದೆ. ಇವತ್ತಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡೆ.

ಕಂದೀಲಿನ ಬುರುಡೆಯ ಮಸಿಯನ್ನು ಹುಣಸೆಬೀಜದ ಅಂಟಿನ ತಿಳಿನೀರಲ್ಲಿ ಕಲಸಿ, ಅರಿವೆಯ ತುದಿಯಿಂದ ಒತ್ತಿ ಒತ್ತಿ ಹಚ್ಚಿದೆ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರನ್ನು ಕಿಟಕಿಯ ಮೇಲಿನ ತಗಡಿನ ಕೆಳಗೆ ಇಳಿಬಿಟ್ಟೆ. ಚಹಾದ ಡಿಕಾಕ್ಷನ್ನಿನಿಂದ ಸುಣ್ಣದ ಗೋಡೆ ಮಾಸಿಸಿದೆ. ಮೊದಲ ಸಲ ಮಸಿ ಹೆಚ್ಚಾಗಿ ಬೆಂಕಿ ಬಿದ್ದ ಮನೆಯಾಯಿತು, ತೊಳೆದು ಮತ್ತೆ ಹಚ್ಚಿದೆ. ಹತ್ತೊಂಬತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ ಮೇಲೆ ಒಂದು ಬೆಳಿಗ್ಗೆ ನೋಡಿದರೆ, ಘಟಪ್ರಭಾದಲ್ಲಿ ನಾನು ಕಂಡದ್ದೇ ನನ್ನ ಮುಂದಿತ್ತು. ಒಣಗಲೆಂದು ಗಾಳಿಯಿರುವ ಕಡೆ ಇಟ್ಟು ಹೊಳೆಗೆ ಬಟ್ಟೆ ಒಗೆಯಲು ಹೋದೆ. ಗಾಳಿಯಿರುವ ಕಡೆ ಎಂದರೆ ಕಿಟಕಿಯ ಬಾಜೂ ಹಲಗೆ. ವರ್ಷಗಟ್ಟಲೆ ಒಣಗಿದ್ದನ್ನೆಲ್ಲ ಅಲ್ಲೇ ಇಟ್ಟ ಕೈ ನನ್ನದು, ಯೋಚಿಸಲೂ ಇಲ್ಲ.

ನಾನು ಬಂದಾಗ ಅಪ್ಪ ಸ್ಟೇಷನ್ನನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕದಲ್ಲಿ ಕರ್ರಗಾದ ಹಸಿ ಅರಿವೆ. ನಾಲ್ಕೂ ಗೋಡೆ ಫಳಫಳ ಹೊಳೆಯುತ್ತಿದ್ದವು.

"ಎಷ್ಟ ಧೂಳ ಕುಂತಿತ್ತಲ್ಲ ಮಗಳ, ಕೈಗೆಲ್ಲಾ ಹತ್ತಾಕತ್ತಿತ್ತು. ಒರಸಿ ಎರಡ ಸಲ ವಾರ್ನಿಷ್ ಹಚ್ಚೇನಿ. ನೋಡು, ಹೆಂಗ ಐತಿ?" ಎಂದ.

ಆಗ ನಾನು ನಾಲಗೆ ಹರಿಬಿಟ್ಟೆ. "ಕಣ್ಣ ಕಾಣಸ್ದಿದ್ರ ಕಾಣಸೂದಿಲ್ಲ ಅಂತ ಹೇಳಬೇಕು. ಯಾಕ ಕೈ ಹಾಕ್ತಿ? ಇಷ್ಟ ವರ್ಷ ನೀ ಬಿಟ್ಟಿದ್ದಕ್ಕೆಲ್ಲಾ ಹಿಂದಿಂದ ನಾನ ಹಚಕೋತ ಬಂದೇನಿ. ಮಂದಿ ಹೊಗಳೂದು ನಿನ್ನ ಕೈಯಲ್ಲ, ನಂದು."

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ. ಆಮೇಲೆ ಕೇಳಿದ: "ಎಲ್ಲಾದಕ್ಕೂ?"

ಆಗಲಾದರೂ ಸುಳ್ಳು ಹೇಳಬಹುದಿತ್ತು. "ಹೂಂ, ಎಲ್ಲಾದಕ್ಕೂ" ಎಂದೆ.

ಅವನು ಸ್ಟೇಷನ್ನನ್ನು ನೆಲಕ್ಕಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೋದ. ಅದಕ್ಕೂ ಮುಂಚೆ ಮನೆಯೊಳಗೆ ಗೋಡೆ ಹಿಡಿದು ನಡೆದವನಲ್ಲ.

ಬೂದಿ ಹಾಕಿ ತಿಕ್ಕಿ ವಾರ್ನಿಷು ಕೆರೆದು ತೆಗೆದೆ, ಮಸಿ ಮತ್ತೆ ಹಚ್ಚಿದೆ. ಮೂರು ಗೋಡೆ ಸರಿಯಾದವು. ಕ್ವಾರ್ಟರ್ಸಿನ ಹಿಂದಿನ ಗೋಡೆಯ ವಾರ್ನಿಷು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ನನಗೂ ತ್ರಾಣ ಉಳಿದಿರಲಿಲ್ಲ. ಅಷ್ಟರಲ್ಲಿ ಮಾಸ್ತರರು ನಿವೃತ್ತರಾಗಿ ತಮ್ಮ ಊರು ಹುಕ್ಕೇರಿಗೆ ಹೋಗಿದ್ದರು. ಬುಟ್ಟಿಯಲ್ಲಿ ಹುಲ್ಲು ಹಾಸಿ ಸ್ಟೇಷನ್ನನ್ನಿಟ್ಟು, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅಲ್ಲಿಗೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಮಾಸ್ತರರು ಮಸಿಯ ಗೋಡೆಗಳನ್ನು ನೋಡಿ ತಲೆಯಾಡಿಸಿದರು. ತಿರುಗಿಸಿ ಹೊಳೆಯುವ ಗೋಡೆ ಕಂಡಾಗ ಕೈ ನಿಂತಿತು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಅಲ್ಲೇ ಕೂತುಬಿಟ್ಟರು.

"ನಾವು ಆ ಕ್ವಾರ್ಟರ್ಸಿಗೆ ಬಂದ ಮೊದಲನೇ ವರ್ಷ ಹೊಸಾದಾಗಿ ಸುಣ್ಣಾ ಹಚ್ಚಿ ಕೊಟ್ಟಿದ್ರು. ಹಿಂಗ ಹೊಳೀತಿತ್ತು. ಆಕಿ ಆ ಗ್ವಾಡಿಗೆ ಯಾರಿಗೂ ಬೆನ್ನ ಆನಾಕ ಬಿಡ್ತಿದ್ದಿಲ್ಲ. ನಾನ ಮರತಿದ್ದೆ." ಕಣ್ಣೊರೆಸಿಕೊಂಡು ಕೇಳಿದರು: "ಈ ಗ್ವಾಡಿ ಯಾರ ಮಾಡಿದ್ರು?"

"ನಮ್ಮಪ್ಪರಿ" ಎಂದೆ.

"ಅವರಿಗೆ ಹೇಳ ತಂಗಿ, ಇದೊಂದ ಗ್ವಾಡಿ ಸಾಕಿತ್ತು ನನಗ."

ಬಸ್ಸಿನ ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹಿಡಿದುಕೊಂಡು ಕೂತೆ, ಅಕ್ಷರ ಆಚೀಚೆ ಆಗಬಾರದೆಂದು. ಮನೆ ಮುಟ್ಟಿದಾಗ ಅಪ್ಪ ಹೊರಗಿನ ಕಟ್ಟೆಯ ಮೇಲಿದ್ದ. ಚಪ್ಪಲಿ ಬಿಡುವ ಮುಂಚೆಯೇ ಎಲ್ಲವನ್ನೂ ಹೇಳಿದೆ: ಹೊಳೆಯುವ ಗೋಡೆ, ಮಾಸ್ತರರ ಕಣ್ಣೀರು, ಅವರ ಹೆಂಡತಿ ಯಾರನ್ನೂ ಒರಗಗೊಡದೆ ಅದನ್ನು ಕಾಯುತ್ತಿದ್ದುದು. ಅವನ ಕೈ ಹಿಡಿದು, "ನಿನ್ನ ಕೈಯ್ಯಪ್ಪಾ, ನಾ ಒಂದ ಚೂರೂ ಹಚ್ಚಿದ್ದಿಲ್ಲ ಅದಕ್ಕ" ಎಂದೆ.

ಅಪ್ಪ ಸಮಾಧಾನದಿಂದ ಪೂರ್ತಿ ಕೇಳಿದ. ಆಮೇಲೆ ನನ್ನ ತಲೆ ಹುಡುಕಿ, ಮೇಲೆ ಕೈಯಿಟ್ಟ. ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ.

"ಇಷ್ಟ ವರ್ಷ ಹಿಂಗ ಹೇಳಕೋತ ಬಂದೀರಿ, ಪಾಪ. ಇನ್ನ ಬ್ಯಾಡ ಮಗಳ."

ಖರೆ ಅಪ್ಪಾ, ಖರೆ ಎಂದು ಎಷ್ಟು ಹೇಳಿದರೂ ಅವನು ಹೂಂ ಹೂಂ ಎನ್ನುತ್ತ ನನ್ನ ತಲೆ ಸವರುತ್ತಲೇ ಇದ್ದ. ಹುಕ್ಕೇರಿಗೆ ಕರೆದೊಯ್ದು ಮಾಸ್ತರರ ಬಾಯಿಂದಲೇ ಕೇಳಿಸೋಣವೆಂದರೆ, ಅವರಿಗೂ ನೀನೇ ಹೇಳಿಕೊಟ್ಟಿರುತ್ತೀ ಎಂದು ನಕ್ಕ. ಮುಂದೆ ಮೂರು ವರ್ಷ ಬದುಕಿದ್ದ, ವಾರ್ನಿಷು ಮುಟ್ಟಲಿಲ್ಲ. ನಾನು ಹೇಳಿದ್ದು ನಿಜವೆಂದು ಒಂದು ದಿನವೂ ನಂಬದೆ ಹೋದ.