ಹಿಮ್ಮಡಿ ಎತ್ತಿದ ಹುಡುಗಿಯ ಕತೆ

ಬಾಗೂರಿನಿಂದ ಒಳಕ್ಕೆ ಮೂರು ಮೈಲಿ ದೂರದ ಆ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಶಾಂತಿಯೇ ಎಲ್ಲ. ಬಾಗಿಲು ತೆಗೆಯುವವಳೂ ಅವಳೇ, ಕಸ ಗುಡಿಸುವವಳೂ ಅವಳೇ, ಪುಸ್ತಕಕ್ಕೆ ನಂಬರು ಹಾಕುವವಳೂ ಅವಳೇ. ತೆಂಗಿನ ತೋಟಗಳಲ್ಲಿ ಕೂಲಿ ಮಾಡಿದ ದ್ಯಾವಯ್ಯನ ಮಗಳು. ಅವರ ಬೀದಿಯಲ್ಲಿ ಬಿ.ಎ. ಪಾಸು ಮಾಡಿದ ಮೊದಲ ಹೆಣ್ಣು. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅವ್ವ ಮಾಯಮ್ಮ ತೀರಿಕೊಂಡು ಎರಡು ವರ್ಷ. ನೋಡಲು ಬಂದ ಗಂಡುಗಳು ಉಪ್ಪಿಟ್ಟು ತಿಂದು ಹೋದರು, ಅಷ್ಟೇ. ಅವಳಿಗೆ ಮೂವತ್ತೆಂಟು ತುಂಬಿತು. ಬೆಳಿಗ್ಗೆ ಗೋಡೆಯ ಮೇಲಿನ ಬುದ್ಧನ ಪಟಕ್ಕೆ "ಬತ್ತೀನಿ" ಎಂದು ಹೇಳಿ ಹೊರಟರೆ, ಆಮೇಲೆ ಸಂಜೆಯವರೆಗೆ ಅವಳ ಬಾಯಿಗೆ ಹೆಚ್ಚು ಕೆಲಸವಿರುತ್ತಿರಲಿಲ್ಲ. ಮೇಲಿನ ಬೀದಿಯ ಹಿರಿಯರು ಪೇಪರ್ ಓದಲು ಬಂದರೆ, ಅವಳು ಕೈ ಚಾಚಿ ಕೊಟ್ಟರೂ "ಅಲ್ಲಿಡವ್ವ" ಎಂದು ಮೇಜು ತೋರಿಸುತ್ತಿದ್ದರು. ಅದು ಅವಳಿಗೆ ಅಭ್ಯಾಸವಾಗಿತ್ತು ಎಂದರೆ ಸುಳ್ಳಾದೀತು. ಆದರೂ ಕೈ ಚಾಚುವುದನ್ನು ಅವಳು ಬಿಟ್ಟಿರಲಿಲ್ಲ.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಯಾವುದೋ ಸಂಸ್ಥೆಯವರು ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ಕೂಡಿಸಿ ಹಳ್ಳಿಗಳಿಗೆ ಕಳಿಸಿದ್ದರು. ಅದರಲ್ಲಿ ಒಂದೇ ಹುಡುಗಿಯ ಚಿತ್ರವಿದ್ದ ಏಳು ಇಂಗ್ಲಿಷ್ ಪುಸ್ತಕಗಳಿದ್ದವು. ಹೂವಿನಂತೆ ಅರಳಿದ ಗುಲಾಬಿ ಲಂಗ, ಎತ್ತಿ ಕಟ್ಟಿದ ಜುಟ್ಟು. ಪಾದದಿಂದ ಕಣಕಾಲಿನವರೆಗೆ ಬಟ್ಟೆ ಸುತ್ತಿದೆ. ನಿಂತಿರುವುದು ಬರೀ ಹೆಬ್ಬೆರಳ ತುದಿಯ ಮೇಲೆ.

ಆ ಸಂಜೆ ಪುಸ್ತಕ ಮೊದಲು ಹಿಡಿದವಳು ರಂಜಿತಾ, ಮೇಲಿನ ಬೀದಿಯ ದೊಡ್ಡತಾಯಮ್ಮನ ಮೊಮ್ಮಗಳು, ಎರಡನೇ ಕ್ಲಾಸು. ಹುಟ್ಟುವಾಗಲೇ ಅವಳ ಬಲಪಾದ ಒಳಕ್ಕೆ ತಿರುಗಿತ್ತು. ಹಾಸನಕ್ಕೆ ಓಡಾಡಿ ವಾರಕ್ಕೊಂದು ಪ್ಲಾಸ್ಟರ್ ಹಾಕಿಸಿದರು. ಪಾದ ನೆಟ್ಟಗಾದ ಕೂಡಲೇ ಮನೆಯವರು ಓಡಾಟ ನಿಲ್ಲಿಸಿಬಿಟ್ಟರು. ಈಗ ಹಿಮ್ಮಡಿ ನೆಲ ಮುಟ್ಟದು. ಆಟಕ್ಕೆ ಯಾರೂ ಸೇರಿಸಿಕೊಳ್ಳದ್ದರಿಂದ ಅವಳು ಗ್ರಂಥಾಲಯಕ್ಕೆ ಬರುತ್ತಿದ್ದಳು.

"ಸಾಂತಕ್ಕ, ಈ ಹುಡ್ಗಿ ಕಾಲ್ಗೆ ಏನಾಗೈತೆ?"

ಶಾಂತಿಗೆ ಇಂಗ್ಲಿಷ್ ಒಡೆದೊಡೆದು ಓದಿದರೆ ಬರುತ್ತಿತ್ತು. ಆದರೆ ಮಗು ಕಾಯುತ್ತಿತ್ತು, ಚಿತ್ರ ಕಣ್ಣ ಮುಂದಿತ್ತು. ಆ ಊರಿನಲ್ಲಿ ಕುಣಿಯುವವರು ಮೆಟ್ಟು ದೂರ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೇ ಹೆಜ್ಜೆ ಹಾಕುವವರು. ಕಾಲಿಗೆ ಏನಾದರೂ ತೊಟ್ಟು ಕುಣಿಯುವುದುಂಟು ಎಂಬುದು ಶಾಂತಿಯ ಯೋಚನೆಗೇ ಬರಲಿಲ್ಲ.

"ಪಟ್ಟಿ ಕಟ್ಟವ್ರೆ ಕಣವ್ವ. ಹಿಮ್ಮಡಿ ಊರಕ್ಕಾಗಲ್ಲ ಅವ್ಳ್ಗೆ."

"ನನ್ನಂಗೆ?"

"ನಿನ್ನಂಗೇ."

"ಆದ್ರೂ ಕುಣೀತಾವ್ಳೆ!"

ಅಂದಿನಿಂದ ದಿನಾ ನಾಲ್ಕೂವರೆಗೆ ಕತೆ. ಚಿತ್ರ ನೋಡಿ ನೋಡಿ ಶಾಂತಿ ಏಳು ಪುಸ್ತಕವನ್ನೂ ಹೇಳಿದಳು: ಪಟ್ಟಿ ಕಾಲಿನ ಹುಡುಗಿ ಗೆಳತಿಯ ಲಂಗ ಹರಿದು ಕ್ಷಮೆ ಕೇಳಿದ್ದು, ತನ್ನ ಸರದಿಗೆ ಕಾದದ್ದು, ಹೆದರಿದ ಪುಟ್ಟವಳ ಕೈ ಹಿಡಿದು ರಂಗಕ್ಕೆ ಕರೆತಂದದ್ದು. ರಂಜಿತಾ ಕೇಳುತ್ತಾ ಕೇಳುತ್ತಾ ಅವಳ ತೊಡೆಗೆ ಒರಗುತ್ತಿದ್ದಳು. ಕರೆಯಲು ಬಂದ ದೊಡ್ಡತಾಯಮ್ಮ ಬಾಗಿಲಲ್ಲೇ ನಿಂತು, "ಎದ್ದು ಬಾರೇ, ಅಲ್ಲೇ ಬೇರು ಬಿಟ್ಟೀಯ" ಎಂದು ಗದರುತ್ತಿದ್ದರು. ಮಗು ಎದ್ದು ಹೋದ ಮೇಲೂ ತೊಡೆಯ ಮೇಲೆ ಆ ಬಿಸುಪು ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಶಾಂತಿ ಅಲ್ಲಾಡದೆ ಕೂತಿರುತ್ತಿದ್ದಳು.

ಸಂಕ್ರಾಂತಿ ಮುಗಿದ ಮೇಲೆ ಶಾಲೆಯ ಟೀಚರ್ ರೂಪಶ್ರೀ ಬಂದರು. ಅರಕಲಗೂಡಿನವರು, ಹೊಸಬರು.

"ಶಾಂತಿಯವ್ರೇ, ನಮ್ ರಂಜಿತಾ ಜಡೆ ಟೇಪ್ ಬಿಚ್ಚಿ ಕಾಲಿಗೆ ಸುತ್ಕಂಡು ಬತ್ತಾಳೆ. ಸ್ಕೂಲ್ ಡೇ ಡ್ಯಾನ್ಸಿಗೂ ಹೆಸ್ರು ಕೊಟ್ಟವ್ಳೆ. ಕೇಳಿದ್ರೆ ಯಾವ್ದೋ ಪುಸ್ತಕ ಅಂತಾಳೆ."

ಶಾಂತಿ ಪಟ್ಟಿ ಕಾಲಿನ ಹುಡುಗಿಯ ಕತೆ ಹೇಳಿ ಹೆಮ್ಮೆಯಿಂದ ಪುಸ್ತಕ ಕೊಟ್ಟಳು. ರೂಪಶ್ರೀ ಅದನ್ನು ಅವಳ ಕೈಯಿಂದಲೇ ತೆಗೆದುಕೊಂಡು ಎರಡು ಹಾಳೆ ತಿರುವಿ ನಕ್ಕರು.

"ಅಯ್ಯೋ, ಇದು ಪಟ್ಟಿ ಅಲ್ಲ ಕಣ್ರೀ, ಶೂ! ರಿಬ್ಬನ್ ಕಟ್ಟೋ ಶೂ. ಬ್ಯಾಲೆ ಅಂತ, ಫಾರಿನ್ ಡ್ಯಾನ್ಸು. ತುದಿಗಾಲಲ್ಲೇ ಕುಣೀತಾರೆ. ಈ ಚಿತ್ರದ ಹುಡುಗಿ ಕಾಲು ನೆಟ್ಟಗೈತೆ." ಶಾಂತಿಯ ಮುಖ ನೋಡಿ ನಗು ನಿಲ್ಲಿಸಿದರು. "ಹೋಗ್ಲಿ ಬಿಡಿ. ಅವಳಿಗೆ ಹೇಳ್ಬೇಡಿ, ಪಾಪ."

ಶಾಂತಿ ಎರಡು ದಿನ ಒದ್ದಾಡಿದಳು. ಚಿಕ್ಕಂದಿನಲ್ಲಿ ಮೇಲಿನ ಬೀದಿಯ ಮನೆಯೊಂದರಲ್ಲಿ ಅವಳ ಬೊಗಸೆಗೆ ಎತ್ತರದಿಂದ ನೀರು ಹುಯ್ಯುತ್ತಿದ್ದರು. ಯಾಕೆಂದು ಕೇಳಿದರೆ ಅವ್ವ, "ಮೇಲಿಂದ ಬಿದ್ರೆ ನೀರು ತಂಪಾಯ್ತದೆ ಕಣವ್ವ" ಎಂದಿದ್ದಳು. ನಿಜ ಏನೆಂದು ಮುಂದೆ ಶಾಲೆಯ ಹುಡುಗರು ನಗುತ್ತಾ ಹೇಳಿದರು. ಅವರ ನಗೆ ಎಂದೋ ಮರೆತುಹೋಯಿತು. ಅವ್ವ ಹಾಗೆ ಹೇಳಿದ್ದು ಮಾತ್ರ ಇಂದಿಗೂ ಚುಚ್ಚುತ್ತದೆ. ರಂಜಿತಾಳಿಗೂ ಒಂದು ದಿನ ಯಾರಾದರೂ ನಗುತ್ತಾ ಹೇಳಿಯೇ ಹೇಳುತ್ತಾರೆ. ಆದರೆ ತಾನೇ ಹೇಳಿದರೆ ನಾಳೆಯಿಂದ ನಾಲ್ಕೂವರೆಗೆ ಯಾರು ಬರುತ್ತಾರೆ?

ಮೂರನೆಯ ದಿನ ಹೇಳಿಬಿಟ್ಟಳು.

"ರಂಜು, ನಾನು ತಪ್ಪು ಹೇಳ್ಬುಟ್ಟಿದ್ದೆ ಕಣವ್ವ. ಅದು ಪಟ್ಟಿ ಅಲ್ಲ, ಶೂ. ಅವ್ಳ್ ಕಾಲಿಗೆ ಏನೂ ಆಗಿಲ್ಲ."

ಮಗು ಚಿತ್ರವನ್ನೇ ದಿಟ್ಟಿಸಿತು. "ಅಂಗಾರೆ ನೋವೇ ಇಲ್ವಾ ಅವ್ಳ್ಗೆ? ಸುಮ್ಸುಮ್ನೆ ಎತ್ಕಂಡವ್ಳಾ ಹಿಮ್ಮಡಿನಾ?"

"ಅದು ಅವರ ಕುಣಿತ. ಕಲ್ತು ಎತ್ತಾರೆ."

ರಂಜಿತಾ ಕಾಲಿನ ಟೇಪು ಬಿಚ್ಚಿ, ಮುದುರಿ, ಜೇಬಿಗೆ ಹಾಕಿಕೊಂಡು ಎದ್ದು ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕೂವರೆಗೆ ಶಾಂತಿ ಚಾಪೆ ಹಾಸುತ್ತಿದ್ದಳು, ಐದೂವರೆಗೆ ಸುತ್ತಿಡುತ್ತಿದ್ದಳು. ಒಂದು ದಿನ ಬೀಗ ಹಾಕುವಾಗ, ಬೆಳಿಗ್ಗೆ ಬುದ್ಧನ ಪಟಕ್ಕೆ ಆಡಿದ ಒಂದು ಮಾತು ಬಿಟ್ಟರೆ ಇಡೀ ದಿನ ತನ್ನ ದನಿ ತನಗೇ ಕೇಳಿಲ್ಲವೆಂದು ಅವಳ ಅರಿವಿಗೆ ಬಂತು.

ಒಂಬತ್ತನೆಯ ದಿನ ಬಾಗಿಲಲ್ಲಿ ನೆರಳು ಬಿತ್ತು. ರಂಜಿತಾ ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತಿದ್ದಳು. ಹಿಂದೆ ಮೂವರು ಹುಡುಗಿಯರು.

"ಸಾಂತಕ್ಕ, ಅಂಗೆ ನಿಂತ್ಕಳಾದ ಕಲಿಯಕ್ಕೆ ಆ ಪುಸ್ತಕದ್ ಹುಡ್ಗಿಗೆ ಎಷ್ಟು ದಿಸ ಬೇಕು?"

"ದಿವಸ ಅಲ್ಲವ್ವ, ವರ್ಷಗಟ್ಟಲೆ ಬೇಕಂತೆ."

ರಂಜಿತಾ ಹಿಂದೆ ತಿರುಗಿದಳು. "ಕೇಳುದ್ರೇನ್ರೇ? ನನ್ಗೆ ಹುಟ್ಟಾ ಬತ್ತದೆ!"

"ಒಂದ್ ಕಾಲ್ಗೆ ತಾನೆ?" ಎಂದಳೊಬ್ಬಳು.

"ನಿನ್ಗೆ ಅದೂ ಬರಲ್ವಲ್ಲಾ, ನಿಂತ್ಕ ನೋಡಾನ!"

ಆ ಹುಡುಗಿ ಹಿಮ್ಮಡಿ ಎತ್ತಿ ವಾಲಿದಳು. ಉಳಿದವರು ಕಿರುಚಿ ನಕ್ಕರು. ರಂಜಿತಾಳೂ ನಕ್ಕಳು.

"ಒಳೀಕೆ ಬಾ ರಂಜು. ಚಾಪೆ ಹಾಸಿವ್ನಿ."

"ಪ್ರಾಕ್ಟೀಸ್ ಐತೆ ಅಕ್ಕ, ನಾಳೆ ಬತ್ತೀನಿ" ಎನ್ನುತ್ತಾ ನಾಲ್ವರೂ ಶಾಲೆಯತ್ತ ಓಡಿದರು. ರಂಜಿತಾಳ ಓಟ ಎಂದಿನಂತೆ ಎಗರು ಓಟ. ಕಾಲಿಗೆ ಟೇಪಿರಲಿಲ್ಲ, ಟೇಪು ಜಡೆಯಲ್ಲಿತ್ತು.

ಮರುದಿನ ಅವಳು ಬರಲಿಲ್ಲ. ಸ್ಕೂಲ್ ಡೇ ದಿನ ಗ್ರಂಥಾಲಯಕ್ಕೆ ರಜೆ ಇರಲಿಲ್ಲ. ಶಾಂತಿ ಕಿಟಕಿ ತೆರೆದಿಟ್ಟು ಕೂತಳು. ಮೈಕಿನಲ್ಲಿ ರೂಪಶ್ರೀ ನಾಲ್ಕು ಹೆಸರು ಕೂಗಿದರು. ಮೂರನೆಯದು ರಂಜಿತಾ. ಹಾಡು ಶುರುವಾಯಿತು, ಮಧ್ಯದಲ್ಲಿ ಶಿಳ್ಳೆ ಕೇಳಿತು, ಆಮೇಲೆ ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ಶಾಂತಿ ಚಾಪೆ ಹಾಸಿ, ಮೊದಲನೆಯ ಪುಸ್ತಕ ತೆಗೆದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕೂತಳು. ಚಿತ್ರದ ಆ ಹುಡುಗಿಗೆ ನಿಜವಾಗಿ ಏನಾಗಿತ್ತೆಂದು ಅವಳು ಇನ್ನೂ ಓದಿರಲಿಲ್ಲ. ಅಕ್ಷರದ ಕೆಳಗೆ ಬೆರಳಿಟ್ಟು, ಯಾರೋ ಕೇಳುತ್ತಿದ್ದಾರೆ ಎನ್ನುವಂತೆ, ಒಂದೊಂದೇ ಪದವನ್ನು ಗಟ್ಟಿಯಾಗಿ ಓದತೊಡಗಿದಳು.